ಮಾರಿಷಸ್‌ನಲ್ಲಿ ಮಾವನ ಕಾಲಿಗೆ ನೀರು ಬಿಟ್ಟ ದಿನ

ಆರ್.ಟಿ. ನಗರ

ನಮ್ಮ ವಂಶದಲ್ಲಿ ಸಮುದ್ರ ದಾಟಿದವರು ಇಬ್ಬರೇ. ಮೊದಲನೆಯವನು ನನ್ನ ಸೋದರಮಾವ ಮುನಿರಾಜು, ಎರಡನೆಯವಳು ನಾನು. ಅಮ್ಮನೂ ನನ್ನ ಪಕ್ಕದ ಸೀಟಿನಲ್ಲೇ ದಾಟಿದಳು. ಆದರೆ ವಿಮಾನ ಏರಿದಾಗಿನಿಂದ ಇಳಿಯುವವರೆಗೆ ಕಣ್ಣು ಮುಚ್ಚಿಕೊಂಡು ಗಂಗಮ್ಮನಿಗೆ ಹರಕೆ ಹೊರುತ್ತಿದ್ದವಳನ್ನು ಪ್ರವಾಸಿ ಅನ್ನಲು ನನಗೆ ಮನಸ್ಸು ಒಪ್ಪುತ್ತಿಲ್ಲ.

ಮಾವ ಕುದುರೆಗಳಿಗೆ ಲಾಳ ಹೊಡೆಯುವವನು. ಹುಟ್ಟಿದ್ದು ಬೆಂಗಳೂರಿನ ಪಕ್ಕದ ಕೋಗಿಲಿನಲ್ಲಿ, ಕೆಲಸ ಕಲಿತದ್ದು ಹೆಸರಘಟ್ಟದ ಕಡೆಯ ಒಂದು ಕುದುರೆ ಫಾರಂನಲ್ಲಿ. ಅಲ್ಲಿಗೆ ಬಂದ ಮಾರಿಷಸ್‌ನ ರೇಸ್ ಕುದುರೆ ಮಾಲೀಕನೊಬ್ಬ ಅವನ ಕೈಚಳಕ ನೋಡಿ, ಕುದುರೆಯ ಜೊತೆಗೆ ಅವನನ್ನೂ ಕರೆದುಕೊಂಡು ಹೋದ. ಮಾವ ಮದುವೆ ಆಗಲಿಲ್ಲ. "ದಿನಾ ಒದಿಯಾಕೆ ಕುದ್ರೆಗಳವೆ, ಮನೇಲೂ ಒಬ್ರು ಬೇಕಾ?" ಎನ್ನುತ್ತಿದ್ದ. ಬೀಡಿ ಒಂದೇ ಅವನ ಸಂಸಾರ.

ಆ ಬೀಡಿ ಸಂಸಾರವೇ ಕೈ ಕೊಟ್ಟಿತು. 2014ರಲ್ಲಿ ನಾನು ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿಸಿ ರಾಜಕುಮಾರಿಯಂತೆ ಮಲಗಿದ್ದಾಗ ನನ್ನಮ್ಮ ಪದ್ಮಾಗೆ ಅವನ ಫೋನ್ ಬಂತು. ಕುದುರೆಯನ್ನು ಗದರಿಸುವ ಆ ದೊಡ್ಡ ಗಂಟಲು ಇಲಿಮರಿಯ ಗಂಟಲಾಗಿತ್ತು.

"ಪದ್ದಿ, ತೊಡೇಲಿ ರಕ್ತದ ನಾಳ ಕಟ್ಕೊಂಡೈತಂತೆ ಕಣಮ್ಮ. ಕಿರುಬೆಟ್ಟು ಕಪ್ಗಾಗೋಗೈತೆ. ಈ ವಾರ ಆಪ್ರೇಸನ್ ಮಾಡಿದ್ರೆ ಕಾಲು ಉಳೀತದೆ, ಇಲ್ದಿದ್ರೆ ತೆಗೀತಾರಂತೆ. ಅದೇನೋ ಇಂಗ್ಲೀಸಲ್ಲಿ ಏಳ್ತಾರೆ, ಸೈನ್ ಆಕು ಅಂತಾರೆ. ನೀನ್ ಬಂದ್ಬುಡು."

ಆ ಕಾಲಿನಲ್ಲಿ ಅವನನ್ನು ವಿಮಾನ ಹತ್ತಿಸುವುದು ಬೇಡ ಎಂದು ಅಲ್ಲಿಯ ಡಾಕ್ಟರು ಹೇಳಿದ್ದರು. ಮಾವ ಎಂದೋ ಹಟ ಹಿಡಿದು ಮಾಡಿಸಿದ್ದ ನಮ್ಮ ಪಾಸ್‌ಪೋರ್ಟ್‌ಗಳು ಬೀರುವಿನಲ್ಲಿ ಅಮ್ಮನ ರೇಷ್ಮೆ ಸೀರೆಯ ಕೆಳಗೆ ನಿದ್ದೆ ಮಾಡುತ್ತಿದ್ದವು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ನನಗೆ ಬರುತ್ತದೆ, ಶಾಲೆಯ ಇಂಗ್ಲಿಷ್ ಭಾಷಣ ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಬಂದಿತ್ತು. ಸ್ಪರ್ಧೆಯಲ್ಲಿ ಇದ್ದವರೇ ಇಬ್ಬರು ಎಂಬುದು ಈ ಕಥನಕ್ಕೆ ಅಗತ್ಯವಿಲ್ಲದ ವಿವರ. ಹೀಗೆ ನಾನು ದುಭಾಷಿಯಾಗಿ ನೇಮಕಗೊಂಡೆ.

ನಾವು ಹೊರಟ ದಿನ ನೀರಿನ ದಿನ. ಆರ್.ಟಿ. ನಗರದವರಿಗೆ ಇದನ್ನು ವಿವರಿಸಬೇಕಿಲ್ಲ, ಮಿಕ್ಕವರು ಕೇಳಿ. ನಮ್ಮ ಬೀದಿಯಲ್ಲಿ ನೀರು ದಿನಾ ಬರುವುದಿಲ್ಲ. ಬರುವಾಗ ಪೈಪು ಮೊದಲು ಕೆಮ್ಮುತ್ತದೆ. ಆ ಕೆಮ್ಮು ನಮಗೆ ಕೇಳಿಸುವ ಮೊದಲೇ ಮಹಡಿ ಮೇಲಿನ ಶಬಾನಾ ಆಂಟಿಗೆ ಕೇಳಿಸುತ್ತದೆ. ಅವರ ಕಿವಿ ಎಂಥದ್ದೆಂದರೆ, ಕಾವೇರಿ ಕೊಡಗಿನಲ್ಲಿ ಎದ್ದು ಮೈ ಮುರಿದರೆ ಇಲ್ಲಿ ತಿಳಿಯುತ್ತದೆ. "ಪಾನಿ ಆಯಾ! ಪದ್ಮಾ, ನೀರು ಬಂತೂ!" ಎಂದು ಅವರು ಕೂಗಿದ ಮೇಲೆ ಇಡೀ ಬೀದಿ ಏಳುತ್ತದೆ. ಅಮ್ಮ ಓಡಿ ಹೋಗಿ ಕೊನೆಯ ನಲ್ಲಿಯನ್ನು ನೂಲಿನಷ್ಟು ಬಿಡುತ್ತಾಳೆ. ಮೊದಲು ಗಾಳಿ, ಆಮೇಲೆ ಕೆಂಪು ನೀರು. ಅದು ಮೋರಿಗೆ ಹೋದ ಮೇಲೆ ನಿಧಾನವಾಗಿ ವಾಲ್ವ್ ತಿರುಗಿಸಿ ಸಂಪಿಗೆ ಬಿಡುತ್ತಾಳೆ. ಒಮ್ಮೆ ಅಪ್ಪ ಅವಸರದಲ್ಲಿ ವಾಲ್ವನ್ನು ಪೂರ್ತಿ ತಿರುಗಿಸಿದ್ದರು. ನಲ್ಲಿಯ ಮೂತಿ ಹಾರಿ ಗೋಡೆಯ ಮೇಲಿದ್ದ ತಾತನ ಫೋಟೋಗೆ ಬಡಿದು, ತಾತ ಕೆಳಗೆ ಬಿದ್ದು ಎರಡನೇ ಸಲ ತೀರಿಹೋದರು.

ಆ ದಿನವೂ ಅಮ್ಮ ಸಂಪು ತುಂಬಿಸಿ, ಅಪ್ಪನಿಗೆ ವಾಲ್ವ್ ಮುಟ್ಟಬಾರದೆಂದು ಆಣೆ ಹಾಕಿಸಿ, ಆಮೇಲೆ ಟ್ಯಾಕ್ಸಿ ಹತ್ತಿದಳು.

ಆಕಾಶ ಮತ್ತು ಅದರ ಕೆಳಗಿನ ಅಧಿಕಾರಿ

ವಿಮಾನ ಮೇಲೇರಿದಾಗ ಕಿಟಕಿಯಿಂದ ಹೆಬ್ಬಾಳದ ಮೇಲ್ಸೇತುವೆ ಕಂಡಿತು. ನಮ್ಮನ್ನು ಇಳಿಸಿ ವಾಪಸ್ ಹೊರಟಿದ್ದ ಟ್ಯಾಕ್ಸಿ ಅದರ ಮೇಲೆ ಆಗಲೇ ಸಿಕ್ಕಿಹಾಕಿಕೊಂಡಿತ್ತು. ಡ್ರೈವರ್ ಆಕಳಿಸಿದ್ದೂ ಕಂಡಿತು. ನಂಬುವವರು ನಂಬಿ.

ಮುಂಬೈನಲ್ಲಿ ವಿಮಾನ ಬದಲಿಸಿದೆವು. ಆಮೇಲೆ ಬರೀ ನೀಲಿ. ಸಮುದ್ರ ಇಷ್ಟೊಂದು ಇರುತ್ತದೆ ಎಂದು ಭೂಗೋಳದ ಪುಸ್ತಕ ನನಗೆ ಸರಿಯಾಗಿ ಹೇಳಿರಲಿಲ್ಲ. ಒಂದು ಹೊತ್ತು ನೋಡಿದೆ, ನಿದ್ದೆ ಮಾಡಿ ಎದ್ದೆ, ಇನ್ನೂ ಅದೇ ಸಮುದ್ರ. ನಮ್ಮ ಬೀದಿಯ ಹೆಂಗಸರು ಒಂದು ಕೊಡಕ್ಕೆ ಜಗಳ ಆಡುವುದು ನೆನಪಾಗಿ ಸ್ವಲ್ಪ ನಾಚಿಕೆಯಾಯಿತು.

ಮಾರಿಷಸ್‌ನ ಕಸ್ಟಮ್ಸ್‌ನಲ್ಲಿ ಅಮ್ಮನ ಚೀಲದಿಂದ ರಾಗಿ ಹಿಟ್ಟು ಹೊರಬಂತು. ಅಧಿಕಾರಿ ಅದನ್ನು ಬೆರಳಲ್ಲಿ ಉಜ್ಜಿ, ಮೂಸಿ, ನನ್ನನ್ನು ಅನುಮಾನದಿಂದ ನೋಡಿದರು. ಅವರ ಎದೆಯ ಬಿಲ್ಲೆಯ ಮೇಲೆ ಅಪ್ಪಟ ಆಂಧ್ರದ ಹೆಸರು.

"ಅಯ್ಯೋ ನಮ್ ಕಡೆಯೋರೇ ಕಣೇ!" ಎಂದು ಅಮ್ಮ ಕಣ್ಣರಳಿಸಿ, ಆರ್.ಟಿ. ನಗರದ ತರಕಾರಿ ಗಾಡಿಯವರಿಂದ ಕಲಿತ ತೆಲುಗಿನಲ್ಲಿ ಅವರ ಮನೆಮಂದಿಯ ಕ್ಷೇಮ ವಿಚಾರಿಸಿದಳು. ಅಧಿಕಾರಿ ಫ್ರೆಂಚಿನಂಥ ಯಾವುದೋ ಭಾಷೆಯಲ್ಲಿ ಉತ್ತರಿಸಿ, ಆಮೇಲೆ ನನಗೆ ಇಂಗ್ಲಿಷಿನಲ್ಲಿ ವಿವರಿಸಿದರು. ಅವರ ಮುತ್ತಾತನ ಅಪ್ಪ ಕಬ್ಬಿನ ಗದ್ದೆಗೆ ಹಡಗಿನಲ್ಲಿ ಬಂದವರಂತೆ, ಹೆಸರು ಉಳಿದಿದೆ, ಭಾಷೆ ಹೋಗಿದೆ. ನಾನು ಇಂಗ್ಲಿಷಿನಲ್ಲಿ, "ಸರ್, ಇದು ನಮ್ಮ ಮನೆತನದ ಸಿಮೆಂಟು" ಎಂದೆ. ಅವರು ನಕ್ಕು ಚೀಲ ಕಟ್ಟಿದರು. ನನ್ನ ಇಂಗ್ಲಿಷಿಗೆ ಸಂದ ಮೊದಲ ಅಂತರರಾಷ್ಟ್ರೀಯ ಗೌರವ ಅದು.

ತಾಂತಿನ್ ಮನೆ

ಮಾವ ಬಾಡಿಗೆಗಿದ್ದದ್ದು ಪೋರ್ಟ್ ಲೂಯಿಯಲ್ಲಿ, ಒಬ್ಬ ವಯಸ್ಸಾದ ಹೆಂಗಸಿನ ತಗಡಿನ ಮಾಡಿನ ಮನೆಯ ಹಿಂಭಾಗದಲ್ಲಿ. ಎಲ್ಲರೂ ಆಕೆಯನ್ನು ತಾಂತಿನ್ ಎನ್ನುತ್ತಿದ್ದರು. ಅಂದರೆ ಅಲ್ಲಿಯ ಭಾಷೆಯಲ್ಲಿ ಅತ್ತೆ, ಚಿಕ್ಕಮ್ಮ, ಆಂಟಿ ಎಲ್ಲ. ಆಕೆಗೆ ಒಂದಿಷ್ಟು ಇಂಗ್ಲಿಷ್ ಬರುತ್ತಿತ್ತು, ಮಿಕ್ಕದ್ದನ್ನು ಕೈಯಲ್ಲಿ ಆಡುತ್ತಿದ್ದಳು.

ತಾಂತಿನ್ ನಮಗೆ ತಿನ್ನಲು ಕೊಟ್ಟದ್ದನ್ನು ನೋಡಿ ಅಮ್ಮ ಹಿಗ್ಗಿದಳು. ಹೋಳಿಗೆ! ಅದೇ ತೆಳು, ಅದೇ ಬೇಳೆ ಹೂರಣ. ಬಾಯಿಗಿಟ್ಟು ಅಮ್ಮನ ಮುಖ ನಿಂತಲ್ಲೇ ನಿಂತಿತು.

"ಪಾಪ ಕಣೇ, ಬೆಲ್ಲ ಹಾಕೋದು ಮರ್ತ್ಬಿಟ್ಟವ್ಳೆ," ಎಂದು ಪಿಸುಗುಟ್ಟಿದಳು.

ಮರೆತಿರಲಿಲ್ಲ. ಇಡೀ ದ್ವೀಪವೇ ಹೋಳಿಗೆಗೆ ಬೆಲ್ಲ ಹಾಕದೆ ಪಲ್ಯ, ಚಟ್ನಿ ಸುತ್ತಿ ಬೀದಿಯಲ್ಲಿ ನಿಂತು ತಿನ್ನುತ್ತದೆ. ಸುತ್ತ ಕಣ್ಣು ಹಾಯುವಷ್ಟು ದೂರ ಕಬ್ಬು ಬೆಳೆದುಕೊಂಡು ಹೋಳಿಗೆಗೆ ಸಿಹಿ ಹಾಕದ ಜನರನ್ನು ಅಮ್ಮ ಕೊನೆಯವರೆಗೂ ಕ್ಷಮಿಸಲಿಲ್ಲ.

ಕ್ಷಮೆ ಕೇಳಬೇಕಾದ ಸರದಿ ನಮಗೂ ಬಂತು. ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಅಮ್ಮ ಆ ಮನೆಯ ಕೊನೆಯ ನಲ್ಲಿಯನ್ನು ನೂಲಿನಷ್ಟು ಬಿಟ್ಟು, ಮೊದಲ ನೀರು ಚೆಲ್ಲಿ, ಆಮೇಲೆ ಬಕೆಟ್, ಬಾಣಲೆ, ಟೀ ಪಾತ್ರೆ, ಹೂದಾನಿ, ಕೊನೆಗೆ ತಾಂತಿನ್ ಮದುವೆಯ ಪಿಂಗಾಣಿ ಸೂಪು ಬಟ್ಟಲುಗಳವರೆಗೆ ಎಲ್ಲವನ್ನೂ ತುಂಬಿಸಿಟ್ಟಿದ್ದಳು. ತಾಂತಿನ್ ಬಾಗಿಲಲ್ಲಿ ನಿಂತು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು.

"ಯಾರಾದರೂ ತೀರಿಕೊಂಡರಾ? ನಿಮ್ಮಲ್ಲಿ ಹೀಗೆ ಮಾಡುತ್ತಾರಾ?" ಎಂದು ನನ್ನನ್ನು ಕೇಳಿದಳು.

"ನಾಳೆ ಬರ್ದಿದ್ರೆ?" ಎಂದಳು ಅಮ್ಮ.

ನಾನು ಭಾಷಾಂತರಿಸಿದೆ. ನಾಳೆಯೂ ಬರುತ್ತದೆ, ನಾಡಿದ್ದೂ ಬರುತ್ತದೆ ಎಂದು ತಾಂತಿನ್ ಆಣೆ ಮಾಡಿ ಹೇಳಿದಳು. ಅಮ್ಮ ಆಕೆಯನ್ನು ಸರ್ಕಾರದ ಮಾತು ನಂಬುವ ಮುಗ್ಧೆಯನ್ನು ನೋಡುವಂತೆ ನೋಡಿದಳು.

ಆಸ್ಪತ್ರೆ

ಮಾವನ ಕಾಲು ನೋಡಿ ನನ್ನ ತಮಾಷೆಯೆಲ್ಲ ಒಂದು ಹೊತ್ತು ರಜೆ ಹಾಕಿತು. ಪಾದ ಬಿಳಿಚಿಕೊಂಡು, ಮುಟ್ಟಿದರೆ ನೆಲದಷ್ಟು ತಣ್ಣಗಿತ್ತು. ಕಿರುಬೆರಳು ಸುಟ್ಟ ಕಡ್ಡಿಯ ತುದಿಯಂತಿತ್ತು. ಅಮ್ಮ ಆ ಪಾದವನ್ನು ಮಡಿಲಲ್ಲಿಟ್ಟುಕೊಂಡು ಉಜ್ಜಲು ಹೋದಳು, ನರ್ಸ್ ತಡೆದರು.

"ಅಳ್ಬೇಡ ಕಣೇ ಪದ್ದಿ. ಕುದ್ರೆ ಆಗಿದ್ರೆ ಇಷ್ಟೊತ್ಗೆ ಗುಂಡು ಒಡ್ದಿರೋರು. ನಾನು ಮನ್ಸ ಆಗಿದ್ದಕ್ಕೆ ಆಸ್ಪತ್ರೆ," ಎಂದ ಮಾವ.

ಆಗ ಬಂದವರು ಅರಿವಳಿಕೆಯ ಡಾಕ್ಟರ್ ವಿಜಯಾ. ಬಿಳಿ ಕೂದಲು, ಹಸಿರು ರಬ್ಬರ್ ಚಪ್ಪಲಿ, ನನ್ನ ಭುಜದಷ್ಟೆತ್ತರ. ಅವರು ಒಂದು ಕೆಲಸ ಮಾಡಿದರು. ಮಂಚಕ್ಕಿಂತ ಗಿಡ್ಡನೆಯ ಸ್ಟೂಲ್ ಎಳೆದುಕೊಂಡು ಕೂತರು. ಮಾವ ಅವರನ್ನು ಬಗ್ಗಿ ನೋಡಬೇಕು, ಅವರು ಮಾವನನ್ನು ಕತ್ತೆತ್ತಿ ನೋಡಬೇಕು. ನಮ್ಮ ಕಡೆ ಡಾಕ್ಟರ್ ಬಂದರೆ ಕೂತ ರೋಗಿಯೂ ಎದ್ದು ನಿಲ್ಲುವುದನ್ನೇ ಕಂಡಿದ್ದ ನನಗೆ ಇದು ಮಾರಿಷಸ್‌ನ ಮೊದಲ ಅದ್ಭುತ.

ಅವರು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು. ಸರ್ಜನ್ ತೊಡೆಯ ನಾಳವನ್ನು ಹಿಡಿತ ಹಾಕಿ ಬಂದ್ ಮಾಡುತ್ತಾರೆ, ಕಟ್ಟಿಕೊಂಡ ಜಾಗವನ್ನು ದಾಟಿ ಹೋಗುವ ಹೊಸ ದಾರಿ ಹೊಲಿಯುತ್ತಾರೆ, ಆಮೇಲೆ ಹಿಡಿತ ಬಿಡುತ್ತಾರೆ. ಈಗಾಗಲೇ ರಕ್ತ ತೆಳು ಮಾಡುವ ಔಷಧಿ ಹೋಗುತ್ತಿರುವುದರಿಂದ ಬೆನ್ನಿಗೆ ಚುಚ್ಚಿ ಸೊಂಟದ ಕೆಳಗಷ್ಟೇ ಮರಗಟ್ಟಿಸಲು ಆಗದು. ಪೂರ್ತಿ ಮಲಗಿಸಬೇಕು. ಮಲಗಿಸಿಡಲು ಎರಡು ದಾರಿ. ಒಂದು, ನರದಲ್ಲಿ ಹೋಗುತ್ತಲೇ ಇರುವ ಹಾಲಿನಂಥ ಬಿಳಿ ಔಷಧಿ. ಇನ್ನೊಂದು, ಉಸಿರಿನ ಜೊತೆ ಹೋಗುವ ಗ್ಯಾಸ್. "ಹಾಲಿನಿಂದ ನಿದ್ದೆ ಬರಿಸಿ, ಗ್ಯಾಸಿನಲ್ಲಿ ನಿದ್ದೆ ಉಳಿಸುವುದು ನನ್ನ ಇಷ್ಟ," ಎಂದರು.

ಗ್ಯಾಸ್ ಎಂಬ ಪದ ಕಿವಿಗೆ ಬಿದ್ದದ್ದೇ ಮಾವ ಎದ್ದು ಕೂರಲು ನೋಡಿದ.

"ಗ್ಯಾಸ್ ಬ್ಯಾಡ. ಅಂಗಂತ ಏಳು ಮಗಾ. ಕಾಲು ಓದ್ರೆ ಓಗ್ಲಿ, ಗ್ಯಾಸ್ ಬ್ಯಾಡ."

"ಯಾಕ್ ಮಾವ?"

"ಗೌರಿಗೆ ಕೊಟ್ಟಿದ್ರಲ್ಲ."

ಗೌರಿ ಎಂದರೆ ಹೆಸರಘಟ್ಟದ ಕಡೆಯ ಆ ಫಾರಂನಲ್ಲಿದ್ದ ಹೆಣ್ಣು ಕುದುರೆ. ಮಾವ ಮೊದಲ ಲಾಳ ಹೊಡೆದದ್ದು ಅದಕ್ಕೇ. ಅದರ ಹೊಟ್ಟೆಯೊಳಗೆ ಕರುಳು ತಿರುಚಿಕೊಂಡಾಗ ಗ್ಯಾಸ್ ಕೊಟ್ಟು ಮಲಗಿಸಿ ಆಪರೇಷನ್ ಮಾಡಿದರು. ಹೊಟ್ಟೆ ಸರಿಹೋಯಿತು. ಆದರೆ ಕುದುರೆ ಏಳಲಿಲ್ಲ. ಕೆಳಗಾಗಿದ್ದ ಪಕ್ಕದ ತೊಡೆ ಕಲ್ಲಿನಂತೆ ಗಟ್ಟಿಯಾಗಿತ್ತು. ಎದ್ದು ನಿಲ್ಲಲು ನೋಡುವುದು, ಬೀಳುವುದು. ಕೊನೆಗೆ ಅದರ ಕಷ್ಟ ನೋಡಲಾಗದೆ ಡಾಕ್ಟರೇ ಸೂಜಿ ಚುಚ್ಚಿ ಅದನ್ನು ಕಳಿಸಿಕೊಟ್ಟರು. ಅದರ ತಲೆ ಮಾವನ ತೊಡೆಯ ಮೇಲಿತ್ತಂತೆ.

"ಎಂಗಿದ್ಲು ಗೊತ್ತಾ ನನ್ ಗೌರಿ? ಕಾಲ್ ಕೇಳಿದ್ರೆ ತಾನೇ ಎತ್ತಿ ಕೊಡೋಳು. ಅಂತಾ ಕಾಲ್ನ ಗ್ಯಾಸ್ ತಿಂದಾಕ್ತು. ನಂದ್ಯಾವ ಲೆಕ್ಕ?"

ನಾನು ಇದನ್ನು ನಗುತ್ತ ಭಾಷಾಂತರಿಸಿದೆ. ಡಾಕ್ಟರ್ ವಿಜಯಾ ನಗಲಿಲ್ಲ. "ಕುದುರೆ ಎಂಥ ನೆಲದ ಮೇಲೆ ಮಲಗಿತ್ತು?" ಎಂದು ಕೇಳಿದರು. ಗಟ್ಟಿ ನೆಲ, ಮೇಲೆ ತೆಳ್ಳಗಿನ ಹಾಸು. "ಯಾವ ಪಕ್ಕಕ್ಕೆ? ಎಷ್ಟು ಹೊತ್ತು?" ಮಾವ ಎಲ್ಲ ಹೇಳಿದ. ಅವರು ಕೇಳಿದರು, ಕೇಳುತ್ತಲೇ ಇದ್ದರು. ಆಮೇಲೆ ತಮ್ಮ ಇಷ್ಟಕ್ಕೆ ಕಾರಣ ಹೇಳಿದರು. ರಕ್ತ ನಿಂತಾಗ ಕಾಲಿನ ಮಾಂಸಖಂಡಕ್ಕೆ ಒಂದು ಪೆಟ್ಟು, ರಕ್ತ ವಾಪಸ್ ನುಗ್ಗುವಾಗ ಇನ್ನೊಂದು ಪೆಟ್ಟು. ಆ ಎರಡನೇ ಪೆಟ್ಟಿನ ವಿಷಯಕ್ಕೇ ತಾವು ಗ್ಯಾಸ್ ಆರಿಸುವುದು ಎಂದರು.

ಭಾಷಣ ಸ್ಪರ್ಧೆಯ ವಿಜೇತೆ ನಾನು ಇದನ್ನು ಗಂಭೀರವಾಗಿ ಕನ್ನಡಕ್ಕೆ ತಂದೆ. "ಮಾವ, ರಕ್ತ ವಾಪಸ್ ಬರೋದೇ ಡೇಂಜರ್ ಅಂತೆ."

"ಅಂಗಾದ್ರೆ ಬರೋದೇ ಬ್ಯಾಡ ಬುಡು," ಎಂದು ಮಾವ ಗೋಡೆ ಕಡೆ ತಿರುಗಿ ಮಲಗಿದ.

ಡಾಕ್ಟರ್ ಎದ್ದು, "ನಾಳೆ ಬರುತ್ತೇನೆ. ಅದಕ್ಕಿಂತ ತಡ ಮಾಡಲು ಈ ಕಾಲು ಬಿಡುವುದಿಲ್ಲ," ಎಂದು ಹೊರಟರು. ಅಮ್ಮ ನನ್ನ ತೊಡೆ ಚಿವುಟಿದ ಗುರುತು ಹಿಂದೂ ಮಹಾಸಾಗರ ದಾಟಿ ಬೆಂಗಳೂರಿನವರೆಗೂ ಬಂತು.

ಸಮುದ್ರದಲ್ಲಿ ಕುದುರೆಗಳು

ಮರುದಿನ ಬೆಳಿಗ್ಗೆ ತಾಂತಿನ್ ನಮ್ಮನ್ನು ಸಮುದ್ರದ ದಂಡೆಗೆ ಕರೆದುಕೊಂಡು ಹೋದಳು. ಮನಸ್ಸಿಗೆ ಒಳ್ಳೆಯದು, ಮುನಿಯ ಕುದುರೆಗಳೂ ಬಂದಿರುತ್ತವೆ ಎಂದಳು.

ಬಂದಿದ್ದವು. ರೇಸ್ ಕುದುರೆಗಳು ಸಾಲಾಗಿ ಸಮುದ್ರಕ್ಕೆ ಇಳಿದು, ಮಂಡಿ ಮುಳುಗುವಷ್ಟು ನೀರಿನಲ್ಲಿ ಸುಮ್ಮನೆ ನಿಂತಿದ್ದವು. ಬಿಸಿಲು ಅವುಗಳ ಬೆನ್ನ ಮೇಲೆ ಎಣ್ಣೆಯಂತೆ ಜಾರುತ್ತಿತ್ತು. ಅಷ್ಟು ದೊಡ್ಡ ಪ್ರಾಣಿ, ಅಷ್ಟು ಸಣ್ಣ ಕಾಲು, ಆ ಕಾಲಿನ ತುದಿಗೆ ನಮ್ಮ ಕೋಗಿಲಿನ ಮಾವ ಹೊಡೆದ ಲಾಳ! ನಾನು ಬಾಯಿ ಬಿಟ್ಟುಕೊಂಡು ನಿಂತೆ. ನನ್ನ ಬಾಯಿಯಲ್ಲಿ ಒಂದು ಅಲೆ ಬಂದು ಹೋಯಿತು ಎಂದರೆ ಸ್ವಲ್ಪ ಹೆಚ್ಚಾದೀತು, ಅರ್ಧ ಅಲೆ.

ಕುದುರೆ ಹಿಡಿದಿದ್ದ ಒಬ್ಬ ಮನುಷ್ಯ ನಾವು ಮುನಿಯ ಮನೆಯವರೆಂದು ತಿಳಿದು ಒಂದು ಕುದುರೆಯನ್ನು ದಡಕ್ಕೆ ತಂದ. ಅದರ ಗೊರಸಿನ ಮೇಲಿನ ಗಂಟಿನ ಹಿಂದೆ ಎರಡು ಬೆರಳಿಟ್ಟು, ನನ್ನ ಕೈಯನ್ನೂ ಅಲ್ಲಿಗೆ ಎಳೆದ. ನಾನು ಜೋರಾಗಿ ಒತ್ತಿದೆ, ಏನೂ ಇಲ್ಲ. ಅವನು ತಲೆಯಲ್ಲಾಡಿಸಿ ನನ್ನ ಬೆರಳನ್ನು ಸಡಿಲ ಮಾಡಿ, ನೊಣ ಕೂತಂತೆ ಇಟ್ಟು, ಕಾಯಿ ಎಂದು ಕಣ್ಣಲ್ಲೇ ಹೇಳಿದ. ಕಾದೆ. ಮೆಲ್ಲಗೆ ಯಾರೋ ಒಳಗಿನಿಂದ ಬಾಗಿಲು ತಟ್ಟಿದರು. ಮತ್ತೆ ತಟ್ಟಿದರು.

"ಮುನಿ," ಎಂದು ಅವನು ತನ್ನ ಬೆರಳು ತೋರಿಸಿ ನಕ್ಕ. ಇದನ್ನು ಕಲಿಸಿದವನು ಮುನಿ ಎಂದು ಅರ್ಥ. ಲಾಳ ಹೊಡೆಯುವ ಮೊದಲು ಮಾವ ಪ್ರತಿ ಕಾಲಿಗೂ ಹೀಗೆ ಬೆರಳಿಟ್ಟು ನಾಡಿ ನೋಡುತ್ತಾನಂತೆ.

ಅಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನಾಲ್ಕು ಕಾಲಿಂದು ನೋಡೋನು, ತನ್ನ ಎರಡು ಕಾಲು ನೋಡ್ಕೊಳ್ಳೋಕಾಗ್ಲಿಲ್ಲ."

ಮತ್ತೆ ಆಸ್ಪತ್ರೆ

ಡಾಕ್ಟರ್ ವಿಜಯಾ ಬಂದಾಗ ಕಂಕುಳಲ್ಲಿ ಒಂದು ದಪ್ಪ ಮೆತ್ತೆ ಇತ್ತು. ಅದೇ ಗಿಡ್ಡ ಸ್ಟೂಲ್. ಕೂತವರೇ, "ನಿನ್ನೆ ರೇಸ್ ಕುದುರೆಗಳ ಡಾಕ್ಟರಿಗೆ ಫೋನ್ ಮಾಡಿ ಗೌರಿಯ ವಿಷಯ ಕೇಳಿದೆ," ಎಂದರು.

ನಾನು ಹೇಳುವುದನ್ನು ಕೇಳಿ. ಒಬ್ಬ ಮನುಷ್ಯರ ಡಾಕ್ಟರು, ಎಂದೋ ಹೆಸರಘಟ್ಟದಲ್ಲಿ ಸತ್ತ ಕುದುರೆಯ ಬಗ್ಗೆ ವಿಚಾರಿಸಲು ಫೋನ್ ಮಾಡಿದ್ದರು. ಕಬ್ಬಿನ ಗದ್ದೆ, ನೀಲಿ ಸಮುದ್ರ ಎಲ್ಲ ಒಂದು ಕಡೆ. ನಾನು ಆ ದ್ವೀಪದಲ್ಲಿ ಕಂಡ ಅತಿ ದೊಡ್ಡ ದೃಶ್ಯ ಇದು.

"ಕುದುರೆಯ ಭಾರ ನಿಮ್ಮಂಥ ಏಳೆಂಟು ಜನರಷ್ಟು," ಎಂದರು ಮಾವನಿಗೆ. "ಗಟ್ಟಿ ನೆಲದ ಮೇಲೆ ಅಷ್ಟು ಹೊತ್ತು ಮಲಗಿದರೆ ಅದರ ಭಾರವೇ ಅದರ ತೊಡೆಯನ್ನು ಹಿಸುಕಿ ರಕ್ತ ನಿಲ್ಲಿಸುತ್ತದೆ. ಮಲಗಿಸುವ ಔಷಧಿ ರಕ್ತದ ಒತ್ತಡವನ್ನೂ ತಗ್ಗಿಸುತ್ತದೆ. ಅದನ್ನು ಎತ್ತಿ ಹಿಡಿಯದಿದ್ದರೆ ಇನ್ನೂ ಕಷ್ಟ. ಅದರಲ್ಲಿ ಗ್ಯಾಸಿನ ಪಾಲೂ ಇದ್ದಿರಬಹುದು, ಇಲ್ಲ ಅನ್ನುವುದಿಲ್ಲ. ನಾನು ಒತ್ತಡವನ್ನು ಕ್ಷಣ ಕ್ಷಣ ನೋಡುತ್ತಿರುತ್ತೇನೆ. ಇದು ನೀವು ಮಲಗುವ ಮೆತ್ತೆ. ನೋಡಿ ಹೇಳಿ."

ಮಾವ ಮೆತ್ತೆಯನ್ನು ಹೆಬ್ಬೆರಳಿನಲ್ಲಿ ಒತ್ತಿದ. ಮಡಿಚಿದ. ಲಾಯದ ಹುಲ್ಲು ಪರೀಕ್ಷಿಸುವಂತೆ ಮೂಸಿಯೂ ನೋಡಿದ. "ಬೆನ್ಗೆ ಸಾಕು. ಇಮ್ಮಡಿ ಕೆಳ್ಗೆ ಇನ್ನೊಂದ್ ಆಕ್ಬೇಕು."

"ಹಾಕುತ್ತೇವೆ. ಹಿಮ್ಮಡಿಗೆ ಬೇರೆಯದೇ ಇದೆ," ಎಂದರು ಡಾಕ್ಟರ್, ಸಮಾನರ ಜೊತೆ ಮಾತಾಡುವಂತೆ.

"ಸರಿ. ಆದ್ರೂ ಗ್ಯಾಸೇ ಯಾಕೆ? ಆಲಿಂದೇ ಕೊಟ್ಟು ಮಲಗ್ಸಿ ಅನ್ನು."

ಮತ್ತೆ ಅದೇ ಎರಡನೇ ಪೆಟ್ಟಿನ ವಿಷಯ ಬಂತು. ಡಾಕ್ಟರ್ ವಿವರಿಸಿದರು. ರಕ್ತವಿಲ್ಲದೆ ಬಸವಳಿದ ಮಾಂಸಖಂಡದಲ್ಲಿ ಏನೇನೋ ಕಸ ಸೇರಿರುತ್ತದೆ, ರಕ್ತ ಒಮ್ಮೆಲೇ ನುಗ್ಗಿದರೆ ಅದೆಲ್ಲ ಎದ್ದು ಕಾಲಿಗೂ ಪೆಟ್ಟು, ಮೈಗೂ ಪೆಟ್ಟು. ಈ ಸಲ ನಾನು ಜಾಣತನ ತೋರಿಸದೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಮಾವ ಹುಬ್ಬು ಗಂಟಿಕ್ಕಿದ. ಅಮ್ಮನ ಕಣ್ಣು ಮಾತ್ರ ಇದ್ದಕ್ಕಿದ್ದಂತೆ ಅರಳಿತು.

"ಅಯ್ಯೋ ಅಣ್ಣ, ಅಷ್ಟೇನಾ! ನೀರ್ ಬರೋ ದಿನದ್ ಥರ ಕಣೋ! ಮೊದ್ಲು ಕೆಂಪ್ ನೀರು ಬರಲ್ವಾ? ಒಂದೇ ಸಲ ತಿರುಗಿಸಿದ್ರೆ ನಲ್ಲಿ ಕಿತ್ಕೊಂಡ್ ಹೋಗಲ್ವಾ?"

ಮಾವ ಅವಳನ್ನೇ ನೋಡಿದ. ಡಾಕ್ಟರ್ ನನ್ನನ್ನು ನೋಡಿದರು. ನಾನು ಆರ್.ಟಿ. ನಗರದ ಪೈಪು, ಕೆಮ್ಮು, ಕೆಂಪು ನೀರು, ತಾತನ ಫೋಟೋ, ಶಬಾನಾ ಆಂಟಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಅಭಿನಯಿಸಿ ತೋರಿಸಿದೆ. ಪಕ್ಕದ ಮಂಚದ ರೋಗಿ ಚಪ್ಪಾಳೆ ತಟ್ಟಿದ.

ಡಾಕ್ಟರ್ ವಿಜಯಾ ಸ್ಟೂಲಿನಿಂದ ಅರ್ಧ ಎದ್ದುಬಿಟ್ಟರು. "ಮಹಡಿಯಿಂದ ಕೂಗುವ ಆ ಹೆಂಗಸು! ನನ್ನ ಗ್ಯಾಸ್ ಅವಳೇ. ರಕ್ತ ವಾಪಸ್ ಬರುವ ಮೊದಲೇ ಅದು ಜೀವಕೋಶಗಳಿಗೆ ಎಚ್ಚರಿಕೆ ಕೊಟ್ಟಿರುತ್ತದೆ ಎಂದು ಕಾಣುತ್ತದೆ. ಕೋಶಗಳು ಸಜ್ಜಾಗಿರುತ್ತವೆ. ಪೆಟ್ಟು ಬೀಳುತ್ತದೆ, ಆದರೆ ಕಡಿಮೆ."

"ಗ್ಯಾರಂಟಿನಾ ಅಂತ ಕೇಳು," ಎಂದ ಮಾವ.

"ಇಲ್ಲ. ಪ್ರಯೋಗಶಾಲೆಯಲ್ಲಿ ಚೆನ್ನಾಗಿ ಕಂಡಿದೆ. ಮನುಷ್ಯರಲ್ಲಿ ಎಷ್ಟು ಸಹಾಯ ಮಾಡುತ್ತದೆ ಎಂದು ನಮ್ಮವರು ಇನ್ನೂ ವಾದ ಮಾಡುತ್ತಿದ್ದಾರೆ. ಹಾಲಿನ ಔಷಧಿಯೂ ಕೆಟ್ಟದ್ದಲ್ಲ, ಅದೇ ಬೇಕೆಂದರೆ ಅದನ್ನೇ ಕೊಡುತ್ತೇನೆ. ನನ್ನ ಅಣ್ಣನ ಕಾಲಾಗಿದ್ದರೆ ಗ್ಯಾಸ್ ಆರಿಸುತ್ತಿದ್ದೆ. ಇಷ್ಟೇ ನಾನು ಹೇಳಬಲ್ಲದ್ದು."

ಮಾವನ ಕೈ ಕಾಲಿನ ಕಡೆಗೆ ಹೋಗಿ, ತಣ್ಣಗಿನ ಪಾದದ ಮೇಲೆ ಎರಡು ಬೆರಳಿಟ್ಟು, ಏನೂ ಸಿಗದೆ ವಾಪಸ್ ಬಂತು.

"ಗೌರಿ ಡಾಕ್ಟ್ರು ಗ್ಯಾರಂಟಿ ಕೊಟ್ಟಿದ್ರು. ಈಯಮ್ಮ ಕೊಡ್ತಿಲ್ಲ," ಎಂದ ನಿಧಾನವಾಗಿ. "ಈಯಮ್ಮನ್ನ ನಂಬ್ಬೋದು. ಪೆನ್ ಕೊಡು ಮಗಾ. ಶಬಾನಾನ್ನೇ ಬಿಡಾಕೇಳು."

ಕಾಯುವ ಕೋಣೆ

ಆಪರೇಷನ್ ನಡೆಯುವಾಗ ಮಾಡುವ ಪ್ರವಾಸವೇ ಅತಿ ಉದ್ದದ್ದು, ಕೂತ ಕುರ್ಚಿಯಿಂದ ಎದ್ದಿರುವುದಿಲ್ಲ ಅಷ್ಟೇ. ತಾಂತಿನ್ ಜಪಮಾಲೆ ಎಣಿಸುತ್ತಿದ್ದಳು. ಅಮ್ಮ ಗಂಗಮ್ಮನಿಗೆ ಹೊತ್ತ ಹರಕೆಗಳನ್ನು ಒಂದೊಂದಾಗಿ ಹೆಚ್ಚಿಸುತ್ತಿದ್ದಳು. ನಾನು ಬಾಯಿಬಡುಕಿ, ಮುಚ್ಚಿದ ಬಾಗಿಲನ್ನೇ ನೋಡುತ್ತ ಕೂತೆ. ಬಾಗಿಲ ಆಚೆ ಒಬ್ಬರು ಈಗ ನಾಳ ಹಿಡಿದಿರಬಹುದು. ಒಂದು ಕಾಲಿನ ಕೋಟ್ಯಂತರ ಕೋಶಗಳು ಖಾಲಿ ಕೊಡ ಹಿಡಿದು ಕತ್ತಲಲ್ಲಿ ಸಾಲು ನಿಂತಿರಬಹುದು. ಉಸಿರಿನಲ್ಲಿ ತೇಲಿ ಬಂದ ಏನೋ ಒಂದು, ಬಣ್ಣವಿಲ್ಲದ್ದು, ಕಣ್ಣಿಗೆ ಕಾಣದ್ದು, ಅವುಗಳ ಬಾಗಿಲು ಬಾಗಿಲಿಗೆ ಹೋಗಿ, ಬರ್ತಾ ಇದೆ, ರೆಡಿಯಾಗಿ ಎಂದು ಹೇಳುತ್ತಿರಬಹುದು. ಮಾವ ಇದ್ಯಾವುದೂ ಗೊತ್ತಿಲ್ಲದೆ ಮಲಗಿರುತ್ತಾನೆ. ನಮ್ಮ ಮೈಯೊಳಗೇ ನಮ್ಮನ್ನು ಕೇಳದೆ ಇಷ್ಟೆಲ್ಲ ನಡೆಯುತ್ತದೆಯೇ ಎಂದು ನನ್ನ ಕೈ ಕಾಲುಗಳನ್ನೇ ಅಪರಿಚಿತರಂತೆ ನೋಡಿಕೊಂಡೆ.

ಡಾಕ್ಟರ್ ವಿಜಯಾ ಹೊರಬಂದು, ಅಮ್ಮನಿಗಿಂತ ಕೆಳಗಾಗಲು ನೆಲದ ಮೇಲೇ ಕುಕ್ಕರುಗಾಲಲ್ಲಿ ಕೂತರು. ಕಿರುಬೆರಳನ್ನು ತೆಗೆಯಬೇಕಾಯಿತು. ಹೊಸ ದಾರಿ ಹೊಲಿದಾಗಿದೆ. "ಹಿಡಿತವನ್ನು ಒಮ್ಮೆಲೇ ಬಿಡದೆ ಸ್ವಲ್ಪ ಸ್ವಲ್ಪವಾಗಿ ಬಿಟ್ಟೆವು. ನೂಲಿನಷ್ಟು ಎಂದು ನಿಮ್ಮ ಅಮ್ಮನಿಗೆ ಹೇಳು. ವಾಲ್ವ್ ತಿರುಗಿಸಿದ್ದು ಸರ್ಜನ್, ಮಹಡಿಯಿಂದ ಕೂಗಿದ್ದು ನಾನು."

"ಹಾಗಾದರೆ ಗ್ಯಾಸಿನಿಂದ ಕಾಲು ಉಳಿಯಿತಾ?" ಎಂದೆ.

"ಒಂದು ಕಾಲು ನೋಡಿ ಯಾರೂ ಹಾಗೆ ಹೇಳಲಾರರು. ಉಳಿದಿದೆಯಾ ಎಂಬುದನ್ನು ಮೊದಲು ನೋಡೋಣ, ಬಾ."

ಸಾಯಂಕಾಲದ ಬಿಸಿಲು ಮಂಚದ ಮೇಲೆ ಬಿದ್ದಿತ್ತು. ಮಾವ ಅರ್ಧ ನಿದ್ದೆಯಲ್ಲಿದ್ದ. ಕಣ್ಣು ಬಿಟ್ಟವನೇ ಮೊದಲು ಮಾಡಿದ್ದು ಕೈಯನ್ನು ಪಾದದ ಕಡೆ ಚಾಚಿದ್ದು. ತೊಡೆಯ ಹೊಲಿಗೆ ಬಗ್ಗಲು ಬಿಡಲಿಲ್ಲ, ನರ್ಸ್ ಭುಜ ಹಿಡಿದರು.

"ಮಗಾ," ಎಂದ ಒಣಗಿದ ಬಾಯಲ್ಲಿ. "ಪಾದದ್ ಮ್ಯಾಲೆ ನೋಡು. ಒಡ್ಕೊಳ್ತಾ ಐತಾ?"

ನಾನು ಬೆರಳಿಟ್ಟೆ. ಏನೂ ಇಲ್ಲ. ಇನ್ನೂ ಒತ್ತಿದೆ. ಏನೂ ಇಲ್ಲ. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಆಗ ಯಾವ ತಮಾಷೆಯೂ ಉಳಿದಿರಲಿಲ್ಲ ಎಂದು ಬಲ್ಲೆ.

ಸಮುದ್ರದ ದಂಡೆಯ ಮನುಷ್ಯ ನೆನಪಾದ. ಬೆರಳು ಸಡಿಲ ಬಿಟ್ಟೆ. ನೊಣ ಕೂತಂತೆ ಇಟ್ಟು ಕಾದೆ. ಮೊದಲು ತಿಳಿದದ್ದು ಪಾದ ಬೆಚ್ಚಗಿದೆ ಎಂಬುದು. ಆಮೇಲೆ, ತುಂಬ ದೂರದಿಂದ, ಯಾರೋ ಬಾಗಿಲು ತಟ್ಟಿದರು. ಮತ್ತೆ ತಟ್ಟಿದರು.

"ಬಂತು ಮಾವ," ಎಂದೆ. "ಬಂತು."

ಮಾವ ಕಣ್ಣು ಮುಚ್ಚಿಕೊಂಡ. "ಯಾರು, ಶಬಾನಾನಾ?" ಎಂದು ಗೊಣಗಿ ಮತ್ತೆ ನಿದ್ದೆ ಹೋದ.

ವಾಪಸ್ ಆರ್.ಟಿ. ನಗರ

ಮಾವ ಕೋಲು ಹಿಡಿದು ಬಾಗಿಲವರೆಗೆ ನಡೆಯುವಂತಾದ ಮೇಲೆ, ಬೀಡಿ ಕಂಡರೆ ಕಸಿದುಕೊಳ್ಳುವ ಅಧಿಕಾರವನ್ನು ತಾಂತಿನ್‌ಗೆ ಕೊಟ್ಟು ನಾವು ಹೊರಟೆವು. ಮನೆಗೆ ಬಂದರೆ ಅಪ್ಪ ವಾಲ್ವ್ ಮುಟ್ಟಿರಲಿಲ್ಲ. ಸಂಪು ಖಾಲಿ, ಅಪ್ಪ ಸ್ನಾನ ಮಾಡಿ ಎಷ್ಟು ದಿನವಾಗಿತ್ತು ಎಂದು ಬರೆಯುವುದು ಬೇಡ, ವಾಸನೆ ಇಲ್ಲಿಗೂ ಬರುತ್ತದೆ.

ಅಮ್ಮ ಮೊದಲು ಮಹಡಿ ಹತ್ತಿ, ಮಾರಿಷಸ್‌ನಿಂದ ತಂದ ವೆನಿಲ್ಲಾ ಚಹಾದ ಪೊಟ್ಟಣವನ್ನು ಶಬಾನಾ ಆಂಟಿಯ ಕೈಗಿಟ್ಟು ಆ ಕೈ ಹಿಡಿದುಕೊಂಡೇ ನಿಂತಳು.

"ನಮ್ಮಣ್ಣನ ಕಾಲು ಉಳಿಸ್ಬಿಟ್ರಿ ಕಣ್ರೀ."

"ನಾನಾ?" ಆಂಟಿ ದುಪಟ್ಟಾ ಸರಿಮಾಡಿಕೊಂಡು ನನ್ನನ್ನು ನೋಡಿದರು. "ಏನಾಗಿದೆ ಬೇಟಾ ನಿಮ್ಮಮ್ಮಂಗೆ? ವಿಮಾನದಲ್ಲಿ ಗಾಳಿ ಹೊಡೀತಾ?"

ನಾನು ಕೆಳಗೆ ಬಂದು ಸಂಪಿನ ಪಕ್ಕ ಕೂತೆ. ಅಂದು ನೀರಿನ ದಿನ. ಸುಮ್ಮನೆ ಪೈಪಿನ ಮೇಲೆ ಎರಡು ಬೆರಳಿಟ್ಟೆ, ಒತ್ತದೆ. ತಣ್ಣಗಿನ ಕಬ್ಬಿಣ. ಕಾದೆ. ಬೀದಿಯಲ್ಲಿ ಆಟೋ ಹೋಯಿತು, ಮಸೀದಿಯ ಕಡೆಯಿಂದ ಯಾರೋ ಮಕ್ಕಳನ್ನು ಕರೆದರು. ಆಮೇಲೆ ಬೆರಳಿನ ಕೆಳಗೆ ಏನೋ ಸಣ್ಣಗೆ ಅಲುಗಿತು.

"ನೀರು ಬಂತೂ!" ಎಂದು ಕೂಗಿದೆ.

ಮಹಡಿಯ ಕಿಟಕಿ ಧಡಾರನೆ ತೆರೆದು ಶಬಾನಾ ಆಂಟಿಯ ಬೆರಗಾದ ಮುಖ ಹೊರಬಂತು. ಇಡೀ ಆರ್.ಟಿ. ನಗರದಲ್ಲಿ ಅವರಿಗಿಂತ ಮೊದಲು ಕೂಗಿದವಳು ನಾನೊಬ್ಬಳೇ, ಬೇಕಿದ್ದರೆ ಹೋಗಿ ಕೇಳಿ. ಪೈಪು ಕೆಮ್ಮಿತು. ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ವಾಲ್ವಿನ ಕಡೆ ನುಗ್ಗಿದರು. ಅಮ್ಮ ಮೆಟ್ಟಿಲ ಮೇಲಿಂದಲೇ ಓಡಿ ಬಂದು ಅವರ ಕೈ ಹಿಡಿದಳು.

"ನಿಧಾನ," ಎಂದಳು. "ನೂಲಿನಷ್ಟು ಬಿಡ್ರೀ. ನಿಧಾನ."